ಸಹಿ ಹಾಕುವ ಮುನ್ನ



ಕಳೆದ ತಿಂಗಳು ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ. ನಮ್ಮ ಗಲ್ಲಿಯ ಹುಡುಗನೊಬ್ಬ ಕಾಗದದ ಕಟ್ಟು ಹಿಡಿದು ಬಾಗಿಲಿಗೆ ಬಂದ. "ಕಾಕೂ, ನೌಕರಿ ಆತು! ಆದ್ರ ಈ ಕಾಗದ ಸ್ವಲ್ಪ ನೋಡ್ರಿ. ಹದಿನಾಲ್ಕು ಪುಟ ಅದ. ನಾಳೆ ಮುಂಜಾನೆ ಒಳಗ ಸಹಿ ಮಾಡಿ ಕಳಸ್ಬೇಕಂತ" ಎಂದ. ಅವನ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿ, ಕನ್ನಡಕ ಹುಡುಕಿ ಕೂತೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಬಿಳಿಯಾಗಿತ್ತು.

ಕೋಠಿಯ ನಮ್ಮ ಗಲ್ಲಿಯಲ್ಲಿ ಇಂಗ್ಲಿಷ್ ಕಾಗದ ಯಾರ ಮನೆಗೆ ಬಂದರೂ ಕೊನೆಗೆ ಬರುವುದು ನನ್ನ ಹತ್ತಿರ. ರೆಸಿಡೆನ್ಸಿ ಕಟ್ಟಡದ ಮಹಿಳಾ ಕಾಲೇಜಿನಲ್ಲಿ ಇಂಗ್ಲಿಷ್ ಓದಿ ಬಿ.ಎ. ಮಾಡಿದವಳು ಎಂಬ ಒಂದೇ ಕಾರಣಕ್ಕೆ. ಆದರೆ ಶೇಕ್ಸ್‌ಪಿಯರ್ ಓದಿದ್ದು ಒಂದು ತೂಕ, ಈ ಆಫರ್ ಲೆಟರ್ ಓದುವುದೇ ಒಂದು ತೂಕ. ಶೇಕ್ಸ್‌ಪಿಯರ್ ಅರ್ಥವಾಗದಿದ್ದರೆ ಮೂರು ಮಾರ್ಕು ಹೋಗುತ್ತಿತ್ತು. ಇದು ಅರ್ಥವಾಗದಿದ್ದರೆ ಮೂರು ವರ್ಷ ಹೋಗುತ್ತದೆ.

ನಿಮ್ಮಲ್ಲಿ ಬಹಳ ಜನ ಈಗ ಓದು ಮುಗಿಸಿ ಕೆಲಸ ಹುಡುಕುವ ವಯಸ್ಸಿನವರು. ಕೆಲವರು ಆಗಲೇ ಮಾದಾಪುರ, ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ಕೂತಿದ್ದೀರಿ. ಇನ್ನು ಕೆಲವರು ಅಲ್ಲೇ ಎಚ್.ಆರ್. ಎಂದು ಮೇಜಿನ ಆ ಕಡೆ ಕೂತು ಬೇರೆಯವರನ್ನು ಆರಿಸುತ್ತಿದ್ದೀರಿ. ಈ ಸಲದ ಮಾತು ಇಬ್ಬರಿಗೂ.

ಮೊದಲು ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. 1995ರಿಂದ 2001ರ ತನಕ ಆರು ವರ್ಷ ನಾನು ಒಂದು ಚಿಕ್ಕ ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದೆ. "ನಾಳೆಯಿಂದ ಬನ್ನಿ ಮೇಡಂ" ಎಂದರು, ಹೋದೆ. ನೇಮಕದ ಕಾಗದ ಕೊಡಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ನಂಬಿಕೆ ಇಲ್ಲವೆಂದುಕೊಂಡಾರು ಎಂಬ ಸಂಕೋಚ. ಬಿಡುವಾಗ ತಿಂಗಳಿಗೆ 1,800 ರೂಪಾಯಿ ಕವರಿನಲ್ಲಿ ಹಾಕಿ ಕೊಡುತ್ತಿದ್ದರು. ಒಂದು ಹೂಮಾಲೆ, ಒಂದು ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿದರು.

ಆಮೇಲೆ ಏನಾಯಿತು ಗೊತ್ತೇ? 2009ರಲ್ಲಿ ಪಾರ್ಲಿಮೆಂಟು ಗ್ರ್ಯಾಚುಯಿಟಿ ಕಾಯಿದೆಯನ್ನು ತಿದ್ದಿ, ಶಾಲೆಯ ಶಿಕ್ಷಕರಿಗೂ ಅದು ಸಲ್ಲುತ್ತದೆ, ಅದೂ 1997ರ ಏಪ್ರಿಲ್ 3ರಿಂದಲೇ ಸಲ್ಲುತ್ತದೆ ಎಂದಿತು. ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪೇಪರಿನಲ್ಲಿ ಓದಿ ಲೆಕ್ಕ ಹಾಕಿದೆ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಮತ್ತೆ ಗುಣಿಸಬೇಕು. ನನ್ನ ಪಾಲಿಗೆ 6,230 ರೂಪಾಯಿ ಬರುತ್ತಿತ್ತು. ದೊಡ್ಡ ಮೊತ್ತವಲ್ಲ. ಆದರೆ ಕೇಳೋಣವೆಂದರೆ ಶಾಲೆ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಇದ್ದಿದ್ದರೂ, ನಾನು ಅಲ್ಲಿ ಆರು ವರ್ಷ ಮಕ್ಕಳಿಗೆ ಪಾಠ ಹೇಳಿದೆ ಎನ್ನುವುದಕ್ಕೆ ನನ್ನ ಹತ್ತಿರ ಒಂದು ಚೂರು ಕಾಗದವಿರಲಿಲ್ಲ. ಹಣಕ್ಕಿಂತ ಆ ಮಾತೇ ನನಗೆ ಹೆಚ್ಚು ಚುಚ್ಚಿತು. ಆರು ವರ್ಷದ ದುಡಿಮೆಗೆ ಉಳಿದ ಸಾಕ್ಷಿ ಆ ಸ್ಟೀಲ್ ಡಬ್ಬಿ. ಈಗ ಅದರಲ್ಲಿ ಮೆಂತ್ಯ ಹಾಕಿಟ್ಟಿದ್ದೇನೆ.

ಆದ್ದರಿಂದ ಮೊದಲನೆಯ ಮಾತು: ಕಾಗದ ಕೇಳಿ. ಈಗ ಅದು ಸಂಕೋಚದ ವಿಷಯವೂ ಅಲ್ಲ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನದ್ದು 2019ರಲ್ಲಿ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಸುರಕ್ಷತೆ ಈ ಮೂರೂ 2020ರಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾಗಿದ್ದವು. ಐದು ವರ್ಷ ಕಪಾಟಿನಲ್ಲಿ ಕೂತಿದ್ದು ಈಗ ಹೊರಗೆ ಬಂದಿವೆ. ಹಳೆಯ 29 ಕೇಂದ್ರ ಕಾಯಿದೆಗಳು ಇವುಗಳೊಳಗೆ ಸೇರಿಹೋಗಿವೆ. ಇವುಗಳ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ನೇಮಕ ಪತ್ರ ಕೊಡಲೇಬೇಕು. ನನ್ನ ಕಾಲದಲ್ಲಿ ಇದು ಇದ್ದಿದ್ದರೆ ಎಂದು ಒಂದು ನಿಟ್ಟುಸಿರು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಈಗ ಆ ಹುಡುಗನ ಕಾಗದಕ್ಕೆ ಬರೋಣ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ವರ್ಷಕ್ಕೆ 6,00,000 ರೂಪಾಯಿ" ಎಂದಿತ್ತು. ಅವನ ತಾಯಿ ಆಗಲೇ ತಿಂಗಳಿಗೆ 50,000 ಎಂದು ಓಣಿಗೆಲ್ಲ ಹೇಳಿಯೂ ಆಗಿತ್ತು. ಇದು ಸಿ.ಟಿ.ಸಿ., ಅಂದರೆ ಕಂಪನಿಗೆ ನಿಮ್ಮಿಂದ ಬೀಳುವ ಒಟ್ಟು ಖರ್ಚು. ನಿಮ್ಮ ಕೈಗೆ ಬರುವ ಸಂಬಳ ಬೇರೆ. ನಾವಿಬ್ಬರೂ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ನೋಡಿದೆವು. ವರ್ಷದ ಕೊನೆಗೆ ಕೆಲಸ ನೋಡಿ ಕೊಡುತ್ತೇವೆ ಎಂಬ ಮೊತ್ತ 60,000. ಕಂಪನಿ ಕಟ್ಟುವ ಪಿ.ಎಫ್. 21,600. ಮೂಲ ವೇತನ 3,00,000 ಆದ್ದರಿಂದ ಗ್ರ್ಯಾಚುಯಿಟಿಗೆಂದು ಎತ್ತಿಟ್ಟದ್ದು 14,430. ವಿಮೆ 12,000. ಇಷ್ಟನ್ನೂ ಕಳೆದರೆ ಉಳಿದದ್ದು 4,91,970. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 40,997. ಅದರಲ್ಲಿ ಇವನ ಪಾಲಿನ ಪಿ.ಎಫ್. 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ 38,997. "ಅಯ್ಯೋ ಕಾಕೂ, ಹನ್ನೊಂದು ಸಾವಿರ ಎಲ್ಲಿ ಹೋತು?" ಎಂದ. ಯಾರೂ ಕದ್ದಿಲ್ಲಪ್ಪಾ, ಕೆಲವು ನಿನ್ನ ಹೆಸರಿನಲ್ಲೇ ಇವೆ, ಕೆಲವು ಬಂದಾಗ ಬಂದವು ಎಂದೆ. ಮನೆ ಬಾಡಿಗೆ, ಗಾಡಿಯ ಕಂತು ಎಲ್ಲವನ್ನೂ ಕೈಗೆ ಬರುವ ಹಣದ ಮೇಲೆ ಲೆಕ್ಕ ಹಾಕಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಿಮಗೂ ಗೊತ್ತು. ಆದರೆ ಹಾಸಿಗೆಯ ಅಳತೆಯನ್ನು ಮೊದಲು ನೀವೇ ತೆಗೆಯಬೇಕು.

ಇಲ್ಲಿಯೂ ಹೊಸ ಕಾನೂನು ಒಂದು ಬದಲಾವಣೆ ತಂದಿದೆ. ಮೊದಲು ಕೆಲವು ಕಂಪನಿಗಳು ಮೂಲ ವೇತನವನ್ನು ಚಿಕ್ಕದಾಗಿಟ್ಟು ಉಳಿದದ್ದನ್ನೆಲ್ಲ ಭತ್ಯೆ, ಭತ್ಯೆ ಎಂದು ತುಂಬಿಸುತ್ತಿದ್ದವು. ಪಿ.ಎಫ್., ಗ್ರ್ಯಾಚುಯಿಟಿ ಎರಡೂ ಮೂಲ ವೇತನದ ಮೇಲೆ ನಿಂತಿರುವುದರಿಂದ ಕಂಪನಿಗೆ ಉಳಿತಾಯ. ಈಗ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದ ಭಾಗವೂ ವೇತನವೆಂದೇ ಲೆಕ್ಕ. ಪೂರ್ತಿ ಸಂಬಳದ ಮೇಲೆ ಪಿ.ಎಫ್. ಕಟ್ಟುವವರಿಗೆ ಕೈಗೆ ಬರುವುದು ಸ್ವಲ್ಪ ಇಳಿಯಬಹುದು, ಮುಂದಕ್ಕೆ ಸೇರುವುದು ಹೆಚ್ಚುತ್ತದೆ. ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಹಣ ಮುಚ್ಚಿಡುತ್ತಿದ್ದದ್ದೂ ಇದೇ ಲೆಕ್ಕಕ್ಕೆ.

ಗ್ರ್ಯಾಚುಯಿಟಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಿದಾಡುತ್ತಿದೆ. "ಇನ್ನು ಮೇಲೆ ಎಲ್ಲರಿಗೂ ಒಂದೇ ವರ್ಷಕ್ಕೆ ಗ್ರ್ಯಾಚುಯಿಟಿ" ಎಂದು ಫೋನಿನಲ್ಲಿ ಬಂದ ಸಂದೇಶವನ್ನು ನನಗೆ ಮೂವರು ಕಳಿಸಿದರು. ಹಾಗಲ್ಲ. ಇಂತಿಷ್ಟು ಅವಧಿಗೆಂದು ಗೊತ್ತುಪಡಿಸಿ ನೇಮಿಸಿಕೊಂಡವರಿಗೆ ಮಾತ್ರ ಒಂದು ವರ್ಷ. ಕಾಯಂ ನೌಕರರಿಗೆ 1972ರ ಕಾಯಿದೆಯಲ್ಲಿದ್ದಂತೆ ಈಗಲೂ ಐದು ವರ್ಷವೇ. ಆದ್ದರಿಂದ ನಿಮ್ಮ ಕಾಗದದಲ್ಲಿ ನೀವು ಕಾಯಮ್ಮೋ, ಅವಧಿ ನೌಕರರೋ, ಇಲ್ಲ ಬೇರೆ ಗುತ್ತಿಗೆದಾರನ ಕಡೆಯವರೋ ಎನ್ನುವ ಒಂದು ಸಾಲನ್ನು ಬೆರಳಿಟ್ಟು ಹುಡುಕಿ. ಕೆಲಸ ಮಾಡುವ ಕಟ್ಟಡದ ಮೇಲೆ ಒಂದು ಹೆಸರು, ಸಂಬಳದ ಚೀಟಿಯ ಮೇಲೆ ಇನ್ನೊಂದು ಹೆಸರು ಇರುವುದು ಈಗ ಮಾಮೂಲು. ನಾಳೆ ತಕರಾರು ಬಂದರೆ ನೀವು ಬಾಗಿಲು ತಟ್ಟಬೇಕಾದದ್ದು ಚೀಟಿಯ ಮೇಲಿನ ಹೆಸರಿನವರದು.

ಒಂಬತ್ತನೇ ಪುಟಕ್ಕೆ ಬಂದಾಗ ನನ್ನ ಕೈ ನಿಂತಿತು. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ 2,00,000 ರೂಪಾಯಿ ಕಟ್ಟಬೇಕು ಎಂಬ ಬಾಂಡು. ಜೊತೆಗೆ ಡಿಗ್ರಿಯ ಅಸಲು ಪತ್ರಗಳನ್ನು ಕಂಪನಿಯ ವಶಕ್ಕೆ ಒಪ್ಪಿಸಬೇಕಂತೆ. "ಇದೆಲ್ಲ ಬರೀ ಬೆದರಿಕೆ ಕಾಕೂ, ಕೋರ್ಟಿನ್ಯಾಗ ನಿಲ್ಲಂಗಿಲ್ಲಂತ ಗೆಳೆಯಾರು ಹೇಳ್ಯಾರ" ಎಂದ.

ಗೆಳೆಯರ ಮಾತು ಅರ್ಧ ಸತ್ಯ. ನಮ್ಮ ಕಡೆಯದೇ ಒಂದು ಮೊಕದ್ದಮೆ ಹೇಳುತ್ತೇನೆ ಕೇಳಿ. ವಿಜಯಾ ಬ್ಯಾಂಕಿನ ಹೆಸರು ನಿಮ್ಮ ಅಪ್ಪ ಅಮ್ಮನಿಗೆ ಚೆನ್ನಾಗಿ ಗೊತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಆ ಬ್ಯಾಂಕು 2006ರಲ್ಲಿ ಅಧಿಕಾರಿಗಳ ಹುದ್ದೆಗೆ ಅರ್ಜಿ ಕರೆದಾಗ, ಆಯ್ಕೆಯಾದವರು ಮೂರು ವರ್ಷ ಇರಬೇಕು, ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ಷರತ್ತು ಹಾಕಿತ್ತು. 2007ರಲ್ಲಿ ಆ ಹುದ್ದೆಗೆ ಬಂದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕು ಸೇರಲು ರಾಜೀನಾಮೆ ಕೊಟ್ಟರು. ಪ್ರತಿಭಟಿಸುತ್ತಲೇ 2 ಲಕ್ಷ ಕಟ್ಟಿ, ಇದು ಅನ್ಯಾಯವೆಂದು ಕರ್ನಾಟಕ ಹೈಕೋರ್ಟಿಗೆ ಹೋಗಿ ಗೆದ್ದರು. ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ 14ರಂದು ಸುಪ್ರೀಂ ಕೋರ್ಟು ಬ್ಯಾಂಕಿನ ಪರ ತೀರ್ಪು ಕೊಟ್ಟಿತು.

ಕಾರಣ ಕೇಳಿ. 1872ರ ಕರಾರು ಕಾಯಿದೆಯ 27ನೇ ಕಲಮು, ಯಾರನ್ನೂ ದುಡಿಯದಂತೆ ತಡೆಯುವ ಕರಾರು ಸಲ್ಲದು ಎನ್ನುತ್ತದೆ. ಆದರೆ ಕೆಲಸದಲ್ಲಿರುವ ಅವಧಿಗೆ ಹಾಕಿದ ಷರತ್ತು ಹಾಗೆ ತಡೆದಂತಲ್ಲ ಎಂದಿತು ಕೋರ್ಟು. ಸರ್ಕಾರಿ ಬ್ಯಾಂಕು ಒಬ್ಬರು ಬಿಟ್ಟುಹೋದರೆ ಪಕ್ಕದ ಮನೆಯವರನ್ನು ಕರೆದು ಕೂರಿಸುವಂತಿಲ್ಲ, ಮತ್ತೆ ಜಾಹೀರಾತು, ಪರೀಕ್ಷೆ ಎಲ್ಲ ಆಗಬೇಕು, ಅದಕ್ಕೆ ಖರ್ಚಿದೆ. ಆ ಅಧಿಕಾರಿಯ ಹುದ್ದೆ, ಸಂಬಳಕ್ಕೆ 2 ಲಕ್ಷ ಅತಿಯೂ ಅಲ್ಲ ಎಂದಿತು. ಅಂದರೆ ಬಾಂಡೆಲ್ಲ ಸುಳ್ಳು ಎನ್ನುವಂತಿಲ್ಲ, ಎಲ್ಲ ಬಾಂಡೂ ಸರಿ ಎಂದೂ ಅಲ್ಲ. ತರಬೇತಿಗೋ ನೇಮಕಕ್ಕೋ ನಿಜವಾಗಿ ಎಷ್ಟು ಖರ್ಚಾಗಿದೆ, ಮೊತ್ತ ನ್ಯಾಯವಾದದ್ದೇ ಎಂಬುದನ್ನು ಕೋರ್ಟು ನೋಡುತ್ತದೆ. ಬಿಟ್ಟ ಮೇಲೆ ಇಂಥ ಕಂಪನಿ ಸೇರಬಾರದು ಎಂಬ ಕಟ್ಟಳೆಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಲವಿಲ್ಲ. ಆದರೆ ಒಂದು ಮಾತು ಮನಸ್ಸಿನಲ್ಲಿಡಿ: ಆ ಅಧಿಕಾರಿ ರಾಜೀನಾಮೆ ಕೊಟ್ಟದ್ದು 2009, ತೀರ್ಪು ಬಂದದ್ದು 2025. ಹದಿನಾರು ವರ್ಷ ಕೋರ್ಟಿನಲ್ಲಿ ತೀರ್ಮಾನವಾಗುವ ಮಾತನ್ನು ಸಹಿ ಹಾಕುವ ಮೊದಲು ಹದಿನಾರು ನಿಮಿಷ ಓದಿ ಕೇಳಿದರೆ ತಪ್ಪೇನು?

ಆ ರಾತ್ರಿ ನಾವು ಕೂತು ಮೂರು ಪ್ರಶ್ನೆ ಬರೆದೆವು. ಅಸಲು ಪತ್ರಗಳನ್ನು ನೋಡಿ ಹಿಂದಕ್ಕೆ ಕೊಡುವಿರಾ? ಬಾಂಡಿನ ಮೊತ್ತ ತಿಂಗಳು ಕಳೆದಂತೆ ಇಳಿಯುತ್ತದೆಯೇ? ನಾನು ಬಿಡುವುದಾದರೆ ಮೂರು ತಿಂಗಳ ಮುನ್ಸೂಚನೆ, ನೀವು ತೆಗೆಯುವುದಾದರೆ ಒಂದೇ ತಿಂಗಳು ಎಂದಿದೆ, ಎರಡೂ ಒಂದೇ ಏಕಿಲ್ಲ? ಜಗಳದ ಧಾಟಿ ಇಲ್ಲ, ಮರ್ಯಾದೆಯ ಇಂಗ್ಲಿಷು. ಅವನ ತಾಯಿಗೆ ಮಾತ್ರ ಎದೆ ಡವಡವ. "ಬಂದ ನೌಕರಿ ಕೈ ಬಿಟ್ಟು ಹೋದ್ರ?" ಎಂದು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನಿದ್ದೆ ಬರಲಿಲ್ಲ. ಮೂರನೇ ದಿನ ಉತ್ತರ ಬಂತು. ಅಸಲು ಪತ್ರ ನೋಡಿ ಅಂದೇ ಕೊಡುತ್ತೇವೆ. ಮೊದಲ ವರ್ಷ ಮುಗಿದರೆ ಮೊತ್ತ ಅರ್ಧ. ಮುನ್ಸೂಚನೆ ಮಾತ್ರ ಬದಲಾಗದು. ಹುಡುಗ ಒಪ್ಪಿ ಸಹಿ ಹಾಕಿದ. ಎಲ್ಲವೂ ಗೆಲ್ಲಲಿಲ್ಲ, ಆದರೆ ಏನಕ್ಕೆ ಸಹಿ ಹಾಕಿದ್ದೇನೆ ಎಂದು ತಿಳಿದು ಹಾಕಿದ. ಅದೇ ದೊಡ್ಡದು.

ಕೆಲಸ ಕೊಡುವ ರೀತಿಯೂ ಎಷ್ಟು ಬದಲಾಗಿದೆ ನೋಡಿ. ನಮ್ಮ ಕಾಲದಲ್ಲಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ, ಕಾರ್ಡು ನವೀಕರಿಸುತ್ತ ಕಾಯುತ್ತಿದ್ದೆವು. ಕೋಠಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಬ್ಯಾಂಕ್ ಪರೀಕ್ಷೆಯ ಗೈಡುಗಳನ್ನು ಅರ್ಧ ಬೆಲೆಗೆ ಕೊಂಡು, ಓದಿ, ಮತ್ತೆ ಅಲ್ಲಿಯೇ ಮಾರುತ್ತಿದ್ದೆವು. ಈಗ ನಿಮ್ಮ ಅರ್ಜಿಯನ್ನು ಮನುಷ್ಯರಿಗಿಂತ ಮೊದಲು ಯಂತ್ರ ಓದುತ್ತದೆ. ಹುದ್ದೆಯ ವಿವರದಲ್ಲಿರುವ ಮಾತು ನಿಮ್ಮ ಅರ್ಜಿಯಲ್ಲಿ ಕಾಣದಿದ್ದರೆ ಅದು ಪಕ್ಕಕ್ಕೆ ಸರಿಸುತ್ತದೆ. ಬಣ್ಣ, ಚಿತ್ರ, ಪೆಟ್ಟಿಗೆ ಬೇಡ. ಮಾಡಿದ ಕೆಲಸವನ್ನು ಸರಳವಾಗಿ ಬರೆಯಿರಿ, ಮಾಡದ್ದನ್ನು ಬರೆಯಬೇಡಿ. ಇನ್ನು "ಹಣ ಕೊಟ್ಟರೆ ಹಿಂಬಾಗಿಲಿನಿಂದ ನೌಕರಿ" ಎನ್ನುವವರಿಂದ ದೂರ ಇರಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಸಂಬಳ ಕೊಡಬೇಕಾದವರು ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು ಎಂದು ತಿಳಿಯಿರಿ.

ಈಗ ನಮ್ಮಂಥವರಿಗೆ ಮಾತ್ರ ಅರ್ಥವಾಗುವ ಒಂದು ವಿಷಯ. "ನೀನು ಎಲ್ಲಿಯವನು?" ಎಂಬ ಪ್ರಶ್ನೆ. ಈ ಊರಿನಲ್ಲಿ ಅದು ಹಳೆಯ ಪ್ರಶ್ನೆ. 1919ರ ನಿಜಾಮರ ಫರ್ಮಾನಿನಿಂದ ಬಂದ ಮುಲ್ಕಿ ನಿಯಮದ ಪ್ರಕಾರ ಸರ್ಕಾರಿ ನೌಕರಿ ಮುಲ್ಕಿಗಳಿಗೆ, ಹೊರಗಿನವರು ಮುಲ್ಕಿಯಾಗಲು 15 ವರ್ಷ ಇಲ್ಲಿ ನೆಲೆಸಿರಬೇಕು. ಆಗ ಕಲಬುರಗಿ, ರಾಯಚೂರು, ಬೀದರದವರೂ ಇದೇ ಸಂಸ್ಥಾನದ ಮುಲ್ಕಿಗಳು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು, ಹೈದರಾಬಾದಿಗೆ ಬಂದು ಮನೆ ಮಾಡಿದ್ದ ಕನ್ನಡದವರು ಇಲ್ಲೇ ಉಳಿದರು. 2024ರ ಜುಲೈನಲ್ಲಿ ಕರ್ನಾಟಕದ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗಳ ಶೇ. 50, ಉಳಿದವುಗಳ ಶೇ. 70 ಸ್ಥಳೀಯರಿಗೆ ಎಂದು. ಸ್ಥಳೀಯರೆಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ನೆಲೆಸಿ, ಕನ್ನಡ ಓದಲು, ಬರೆಯಲು, ಮಾತಾಡಲು ಬಲ್ಲವರು. ಕೆಲವೇ ದಿನಗಳಲ್ಲಿ ಗದ್ದಲವಾಗಿ ಮಸೂದೆಯನ್ನು ತಡೆಹಿಡಿದರು. ಹರಿಯಾಣದ ಇಂಥದೇ ಕಾಯಿದೆಯನ್ನು 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು ಹೊಡೆದುಹಾಕಿತ್ತು.

ನೂರೈದು ವರ್ಷ ಕಳೆದರೂ ಅದೇ 15 ವರ್ಷದ ಅಳತೆ! ಆ ಮಸೂದೆ ಜಾರಿಯಾಗಿದ್ದರೆ ಹೈದರಾಬಾದಿನಲ್ಲಿ ಹುಟ್ಟಿದ ನೀವು, ಮನೆಯಲ್ಲಿ ಕನ್ನಡವೇ ಆಡಿದರೂ, ಬೆಂಗಳೂರಿನಲ್ಲಿ ಹೊರಗಿನವರು. ಅಲ್ಲಿನ ಹುಡುಗರ ಕಷ್ಟ ನನಗೆ ಅರ್ಥವಾಗುತ್ತದೆ. ತಮ್ಮ ಊರಿನಲ್ಲೇ ತಮಗೆ ಕೆಲಸವಿಲ್ಲವೆಂದರೆ ಯಾರಿಗೆ ನೋವಾಗದು? ಆದರೆ ಹುಟ್ಟಿದ ಜಾಗ ನಿಮ್ಮ ಕೈಯಲ್ಲಿರಲಿಲ್ಲ. ಅಕ್ಷರ ನಿಮ್ಮ ಕೈಯಲ್ಲಿದೆ. ಸ್ಟೇಟ್ ಬ್ಯಾಂಕಿನ ಗುಮಾಸ್ತ ಹುದ್ದೆಗೆ ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತೀರೋ ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಆಡಲು ಬರಬೇಕು. ಹತ್ತನೆಯ ಇಲ್ಲವೇ ಹನ್ನೆರಡನೆಯ ತರಗತಿಯಲ್ಲಿ ಆ ಭಾಷೆ ಓದಿದ ದಾಖಲೆ ಇಲ್ಲದವರು ಪರೀಕ್ಷೆ ಕೊಡಬೇಕು. ಅಲ್ಲಿ ಹುಟ್ಟಿದ ಊರನ್ನು ಕೇಳುವುದಿಲ್ಲ, ಕನ್ನಡ ಬರುತ್ತದೆಯೇ ಎಂದು ಕೇಳುತ್ತಾರೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು 2019ರಲ್ಲಿ ಕೇಂದ್ರ ಸರ್ಕಾರ ಹೇಳಿತು. ನಿಮಗೆ ತೆಲುಗು ಬರುತ್ತದೆ, ಹಿಂದಿ ಬರುತ್ತದೆ, ಕನ್ನಡ ಆಡಲು ಬರುತ್ತದೆ. ಓದಿ ಬರೆಯುವುದೊಂದು ಸೇರಿದರೆ ಎರಡು ರಾಜ್ಯದ ಬಾಗಿಲು ತೆರೆದಂತೆ. ಭಾನುವಾರ ಅಕ್ಷರ ಕಲಿಯಲು ಬಾ ಎಂದು ಅಜ್ಜಿ ಕರೆದರೆ "ಬೋರ್" ಎನ್ನಬೇಡಿ.

ಕೊನೆಗೆ, ಎಚ್.ಆರ್. ಕುರ್ಚಿಯಲ್ಲಿ ಕೂತ ಮಕ್ಕಳಿಗೆ ಎರಡು ಮಾತು. ಹೊಸ ಕಾನೂನು ನಿಮಗೆ ಕೆಲಸ ಹೆಚ್ಚಿಸಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ಬಿಟ್ಟುಹೋದವರ ವೇತನದ ಬಾಕಿ ಎರಡು ಕೆಲಸದ ದಿನಗಳೊಳಗೆ ಚುಕ್ತಾ ಆಗಬೇಕು. ಒಬ್ಬ ಹುಡುಗ ಬಿಟ್ಟ ಕಂಪನಿಯಿಂದ ಕೊನೆಯ ಸಂಬಳಕ್ಕಾಗಿ ನಾಲ್ಕು ತಿಂಗಳು ಅಲೆದದ್ದನ್ನು ಕಂಡಿದ್ದೇನೆ. ಅಂಥ ಅಲೆದಾಟ ನಿಮ್ಮ ಮೇಜಿನಿಂದ ಆಗದಿರಲಿ. ಹೆಣ್ಣುಮಕ್ಕಳನ್ನು ಸಂದರ್ಶನದಲ್ಲಿ "ಮದುವೆ ಯಾವಾಗ, ಮಗು ಯಾವಾಗ" ಎಂದು ಕೇಳಬೇಡಿ. ನೇಮಕದಲ್ಲಿ ಗಂಡು ಹೆಣ್ಣೆಂಬ ಭೇದ ಮಾಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. 2017ರಿಂದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಅದು ಕಂಪನಿಯ ಭಿಕ್ಷೆಯಲ್ಲ, ಹಕ್ಕು. ಆ ರಜೆಗೆ ಹೆದರಿ ಹುಡುಗಿಯ ಅರ್ಜಿ ಪಕ್ಕಕ್ಕಿಟ್ಟರೆ ನಿಮ್ಮ ಅಕ್ಕನ ಅರ್ಜಿಯನ್ನೇ ಇಟ್ಟಂತೆ. ಆಯ್ಕೆಯಾಗದವರಿಗೆ "ಇಲ್ಲ" ಎಂಬ ಒಂದು ಸಾಲನ್ನಾದರೂ ಬರೆಯಿರಿ. ಫೋನು ಕೈಯಲ್ಲಿ ಹಿಡಿದು ವಾರಗಟ್ಟಲೆ ಕಾಯುವ ಮಕ್ಕಳ ಮುಖವನ್ನು ನೀವು ನೋಡುವುದಿಲ್ಲ, ಮನೆಯಲ್ಲಿ ನಾವು ನೋಡುತ್ತೇವೆ.

ನಮ್ಮ ಹುಡುಗ ಮೊದಲ ಸಂಬಳದಲ್ಲಿ ನನಗೊಂದು ಪುಟ್ಟ ಫೈಲು ತಂದುಕೊಟ್ಟ. "ಕಾಕೂ, ಇದರಾಗ ನಿಮ್ಮ ಕಾಗದ ಇಟ್ಕೋರಿ" ಎಂದ. ನನ್ನ ಹತ್ತಿರ ಇಡಲು ಏನಿದೆಯಪ್ಪಾ ಎಂದು ನಕ್ಕೆ. ಆಮೇಲೆ ಯೋಚಿಸಿ ಅದನ್ನು ಅವನಿಗೇ ಹಿಂದಕ್ಕೆ ಕೊಟ್ಟೆ. ನೇಮಕ ಪತ್ರ, ತಿಂಗಳ ಸಂಬಳದ ಚೀಟಿ, ಪಿ.ಎಫ್. ನಂಬರು, ಮೇಲಿನವರು ಬರೆದ ಒಳ್ಳೆಯ ಮಾತು, ಬಿಡುವಾಗ ಕೊಟ್ಟ ಪತ್ರ ಎಲ್ಲವೂ ಅದರಲ್ಲಿರಲಿ ಎಂದೆ. ನೀವೂ ಇವತ್ತೇ ಒಂದು ಫೈಲು ಮಾಡಿ. ಓದಿ ಅರ್ಥವಾಗದ ಕಾಗದವಿದ್ದರೆ ನಮ್ಮ ಮನೆಗೆ ತನ್ನಿ. ಹಾಲು ಉಕ್ಕಿದರೆ ಉಕ್ಕಲಿ.